ಖಾಲಿ ಮೂಸೆ

ಫೆಬ್ರವರಿ 4

ಪೂಜ್ಯ ಅತ್ತಿಗೆಯವರಿಗೆ ಮೈದುನನ ವಂದನೆಗಳು.

ಅಣ್ಣ ತೀರಿಕೊಂಡ ಈ ಎರಡು ವರ್ಷಗಳಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರವಿದು. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀರಿ. ಪತ್ರವನ್ನಾದರೂ ಪೂರ್ತಿ ಓದುವಿರೆಂದು ನಂಬಿದ್ದೇನೆ.

ನಾವು ಮೂವರೂ ದುಡಿದ ಗಣಿ ಮತ್ತು ಲೋಹ ಸಂಶೋಧನಾಲಯಕ್ಕೆ ಬರುವ ಜುಲೈಗೆ ಎಪ್ಪತ್ತೈದು ವರ್ಷ ತುಂಬಲಿದೆ. ಈ ಸಂದರ್ಭದಲ್ಲಿ ಸಂಸ್ಥೆಯ ಸಂಶೋಧನಾ ಇತಿಹಾಸವನ್ನು ಗ್ರಂಥರೂಪದಲ್ಲಿ ಹೊರತರಲು ತೀರ್ಮಾನಿಸಲಾಗಿದ್ದು, ಪ್ರಧಾನ ಸಂಪಾದಕತ್ವದ ಹೊಣೆಯನ್ನು ನನಗೆ ವಹಿಸಲಾಗಿದೆ. ಒಟ್ಟು ಒಂಬತ್ತು ಅಧ್ಯಾಯಗಳು. ಐದನೆಯದು ಅಣ್ಣನ ಕಿಟ್ಟದ ಗುಡ್ಡದ ಸಂಶೋಧನೆಗೆ ಮೀಸಲು. ನೂರು ವರ್ಷ ಲೋಹ ಕರಗಿಸಿ ಹೊರಗೆ ಸುರಿದ ಕಿಟ್ಟದಲ್ಲಿ ಇನ್ನೂ ಬೆಳ್ಳಿ ಉಳಿದಿರಬಹುದೆಂದು ಮೊದಲು ಯೋಚಿಸಿದವನು ಅವನೇ. ಮುಂದೆ ಆದದ್ದು ಏನೇ ಇರಲಿ, ಯೋಚನೆ ದೊಡ್ಡದು. ಅಣ್ಣನ ಭಾವಚಿತ್ರವನ್ನು ಸಭಾಂಗಣದಲ್ಲಿ ತೂಗುಹಾಕುವ ಪ್ರಸ್ತಾಪವನ್ನೂ ಸಮಿತಿಯ ಮುಂದಿಟ್ಟಿದ್ದೇನೆ.

ಅಣ್ಣನ ಹದಿನಾಲ್ಕನೆಯ ಟಿಪ್ಪಣಿ ಪುಸ್ತಕ, ಹಸಿರು ರಟ್ಟಿನದು, ನಿಮ್ಮ ಬಳಿ ಇರಬೇಕು. ಗ್ರಂಥದಲ್ಲಿ ಅದರ ಕೆಲವು ಪುಟಗಳ ಚಿತ್ರ ಹಾಕುವ ಉದ್ದೇಶವಿದೆ. ದಯವಿಟ್ಟು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಕೊಡಿ. ನೀವು ಅದನ್ನು ತೆರೆದು ನೋಡುವ ಶ್ರಮ ತೆಗೆದುಕೊಳ್ಳುವುದು ಬೇಡ, ಹಾಳೆಗಳು ಪುಡಿಯಾಗುವ ಸ್ಥಿತಿಯಲ್ಲಿರಬಹುದು.

ನಿಮ್ಮ ಆರೋಗ್ಯದ ಬಗ್ಗೆ ಎರಡು ಸಾಲು ಬರೆಯಿರಿ.

ನಿಮ್ಮ ಮೈದುನ

—

ಫೆಬ್ರವರಿ 11

ಪ್ರಧಾನ ಸಂಪಾದಕರಿಗೆ,

ಅಬ್ಬಬ್ಬಾ! ‘ತೀರ್ಮಾನಿಸಲಾಗಿದ್ದು’, ‘ವಹಿಸಲಾಗಿದೆ’. ಯಾರಪ್ಪಾ ತೀರ್ಮಾನಿಸಿದ್ದು, ಯಾರು ವಹಿಸಿದ್ದು? ಗಾಳಿ ಬಂದು ವಹಿಸಿತೋ? ನೀನು ಕೆಲಸಕ್ಕೆ ಸೇರಿದ ದಿನದಿಂದ ಹೀಗೇ ಬರೆಯುತ್ತೀಯ. ಚಹದ ಲೋಟ ಕೈಜಾರಿ ಒಡೆದರೂ ‘ಲೋಟವು ಒಡೆಯಲ್ಪಟ್ಟಿತು’ ಅನ್ನುವ ಜಾತಿ ನಿನ್ನದು.

ಇತಿಹಾಸ ಬರೆಯುತ್ತೀಯಂತೆ, ಬರಿ. ಒಂಬತ್ತು ಅಧ್ಯಾಯದಲ್ಲಿ ಎಷ್ಟು ಅಧ್ಯಾಯ ನಿರ್ದೇಶಕರ ಮೀಸೆಗೆ ಹೋಯಿತು, ಹೇಳು ನೋಡೋಣ. ಗಣಿಯ ಚಾವಣಿ ಕುಸಿಯುತ್ತದೋ ಇಲ್ಲವೋ ಎಂದು ಕಬ್ಬಿಣದ ಸಲಾಕೆಯಿಂದ ತಟ್ಟಿ, ತಲೆ ಓರೆ ಮಾಡಿ ಕೇಳಿ ಹೇಳುತ್ತಿದ್ದ ಆ ಮುದುಕ ಇದ್ದಾನೆಯೇ ನಿನ್ನ ಪುಸ್ತಕದಲ್ಲಿ? ಅವನು ಸೋಮವಾರ ಹೇಳಿದ್ದನ್ನು ನಿಮ್ಮ ಯಂತ್ರ ಬುಧವಾರ ಹೇಳುತ್ತಿತ್ತು. ಯಂತ್ರಕ್ಕೆ ಪದಕ ಬಂತು. ಅದಿರಿನ ಪುಡಿಯನ್ನು ನೊರೆಯಲ್ಲಿ ತೇಲಿಸುವ ತೊಟ್ಟಿ ಬಂದಾಗ ಏನಾಯಿತು, ಅದನ್ನು ಬರೆದಿದ್ದೀಯಾ? ಸೋಮವಾರ ಮಾತ್ರ ನೊರೆ ಚೆನ್ನಾಗಿ ಏಳುತ್ತಿತ್ತು. ನಿಮ್ಮ ದೊಡ್ಡ ಸಾಹೇಬರು ಯಂತ್ರಕ್ಕೆ ವಿಶ್ರಾಂತಿ ಸಿಕ್ಕಿದ್ದರ ಪರಿಣಾಮ ಎಂದು ಇಪ್ಪತ್ತು ಪುಟದ ಪ್ರಬಂಧ ಓದಿ ಬಂದರು. ಗುಡಿಸುವ ಹೆಂಗಸು ನನ್ನ ಹತ್ತಿರ ಬಂದು, ‘ಅಕ್ಕಾ, ವಾರಕ್ಕೊಂದ್ಸಲ ಭಾನುವಾರ ನಾನು ಸೋಪು ಹಾಕಿ ತೊಟ್ಟಿ ತೊಳೀತೀನಲ್ಲ, ಅದಕ್ಕೆ ನೊರೆ ಬರ್ತಿರಬೌದಾ?’ ಎಂದಳು. ಅವಳ ಮಾತೇ ನಿಜವಾಯಿತು. ಆ ಸಾಬೂನು ಯಾವ ಅಧ್ಯಾಯದಲ್ಲಿದೆ?

ಇನ್ನು ಐದನೆಯ ಅಧ್ಯಾಯ. ನಿನಗೆ ಖಾಲಿ ಮೂಸೆ ಎಂದರೆ ಏನು ಎಂದು ಗೊತ್ತೋ ಇಲ್ಲವೋ, ಅದನ್ನು ಮೊದಲು ಹೇಳುತ್ತೇನೆ. ಬಿಳಿಗಾರ ಯಾವುದು ಎಂದು ತೂಕದ ಕೋಣೆಗೆ ಬಂದು ಕೇಳಿದ್ದ ದೊರೆ ನೀನು. ‘ಬನ್ರೋ, ದೊರೆಗೆ ಬಿಳಿಗಾರ ತೋರಿಸ್ರೋ’ ಎಂದು ನಾನು ಕೂಗಿದಾಗ ಕುಲುಮೆಯವರೆಲ್ಲ ಬಂದು ನೋಡಿದ್ದರು. ಅಂದಿನಿಂದ ನಿನಗೆ ದೊರೆ ಎಂದೇ ಹೆಸರಾಯಿತಲ್ಲ, ನೆನಪಿದೆಯಾ? ಈಗ ಕೇಳು. ಕಲ್ಲಿನ ಪುಡಿಯಲ್ಲಿ ಬೆಳ್ಳಿ ಎಷ್ಟಿದೆ ಎಂದು ತಿಳಿಯಲು ಅದಕ್ಕೆ ಸೀಸದ ಪುಡಿ, ಬೇಗ ಕರಗಲೆಂದು ಬಿಳಿಗಾರದ ಪುಡಿ ಸೇರಿಸಿ ಮೂಸೆಯಲ್ಲಿ ಕರಗಿಸುತ್ತೇವೆ. ಸೀಸ ಬೆಳ್ಳಿಯನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಸೀಸವನ್ನು ಕಳೆದರೆ ಸಾಸಿವೆಗಿಂತ ಸಣ್ಣ ಬೆಳ್ಳಿಯ ಗುಂಡು ಉಳಿಯುತ್ತದೆ. ಅದನ್ನು ತೂಗುವುದು ನನ್ನ ಕೆಲಸ, ಮೂವತ್ತೊಂದು ವರ್ಷ. ಆದರೆ ಸೀಸದ ಪುಡಿಯಲ್ಲೇ ಒಂದಿಷ್ಟು ಬೆಳ್ಳಿ ಇರುತ್ತದೆ. ಅದಕ್ಕೆ ಹನ್ನೆರಡು ಮೂಸೆಯಲ್ಲಿ ಒಂದಕ್ಕೆ ಕಲ್ಲಿನ ಪುಡಿ ಹಾಕದೆ, ಬರೀ ಸೀಸ, ಬಿಳಿಗಾರ ಹಾಕಿ ಕರಗಿಸುವುದು. ಅದರಲ್ಲಿ ಬಂದ ಬೆಳ್ಳಿಯನ್ನು ಉಳಿದ ಹನ್ನೊಂದರಿಂದ ಕಳೆಯಬೇಕು. ಕಳೆಯದಿದ್ದರೆ ನಾವೇ ಹಾಕಿದ್ದನ್ನು ನಾವೇ ಹುಡುಕಿ ಕುಣಿದ ಹಾಗಾಗುತ್ತದೆ.

ಕುಣಿದರಲ್ಲ! ಗುಡ್ಡದ ತುಂಬ ಬೆಳ್ಳಿ ಎಂದು ಕಾರ್ಖಾನೆ ಕಟ್ಟಿದರು. ಐದು ತಿಂಗಳು ಓಡಿತು, ಮೂಗುತಿಗೆ ಆಗುವಷ್ಟು ಬೆಳ್ಳಿ ಬರಲಿಲ್ಲ. ಎಂಬತ್ತು ಮಂದಿ ಕೆಲಸ ಕಳೆದುಕೊಂಡು ಗಂಟುಮೂಟೆ ಕಟ್ಟಿದರು. ವಿಚಾರಣೆ ನಡೆಯಿತು. ನಿಮ್ಮಣ್ಣ ಎದ್ದು ನಿಂತು, ‘ಖಾಲಿ ಮೂಸೆಯ ಬೆಳ್ಳಿ ಕಳೆಯದೆ ಸಹಿ ಹಾಕಿದವನು ನಾನು’ ಎಂದರು. ಸಂಶೋಧನೆಯಿಂದ ತೆಗೆದು ಅವರನ್ನು ಫಿಟ್ಟರ್ ಹುಡುಗರಿಗೆ ಪಾಠ ಹೇಳಲು ಕಳಿಸಿದರು. ನಿವೃತ್ತಿಯವರೆಗೂ ಅಲ್ಲೇ ಸುಣ್ಣದ ಕಡ್ಡಿ ಸವೆಸಿದರು.

ಮೂರನೆಯ ತರಗತಿಯ ಮಗು ಮಾಡುವ ವ್ಯವಕಲನವನ್ನು ಮರೆತ ಮನುಷ್ಯ ಅವರು. ನಾನೇನು ಅದನ್ನು ಬಚ್ಚಿಟ್ಟವಳಲ್ಲ, ಅವರ ಮುಖಕ್ಕೇ ಹೇಳುತ್ತಿದ್ದೆ. ಊಟದ ತಟ್ಟೆ ಮುಂದಿಡುವಾಗಲೆಲ್ಲ, ‘ಉಪ್ಪು ಹಾಕಿದೀನ್ರೀ. ನಾನು ನಿಮ್ಮ ಹಾಗೆ ಮರೆಯೋಳಲ್ಲ’ ಅನ್ನುತ್ತಿದ್ದೆ. ‘ಹೌದು ಕಣೆ, ನೀನು ಮರೆಯೋಳಲ್ಲ, ನಂಗೊತ್ತು’ ಎಂದು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಪಾಪ, ಇನ್ನೇನು ಹೇಳಿಯಾರು!

ಟಿಪ್ಪಣಿ ಪುಸ್ತಕ ಕಳಿಸುವುದಿಲ್ಲ. ಇಪ್ಪತ್ತೆರಡು ಪುಸ್ತಕಗಳೂ ಕಬ್ಬಿಣದ ಬೀರುವಿನ ಕೆಳಗಿನ ಖಾನೆಯಲ್ಲಿ ಧೂಳು ತಿನ್ನುತ್ತಿವೆ. ನಾನು ಒಂದನ್ನೂ ತೆರೆದಿಲ್ಲ, ತೆರೆಯುವ ಆಸೆಯೂ ಇಲ್ಲ. ನಿನ್ನ ಹೊಳೆಯುವ ಕಾಗದದ ಪುಸ್ತಕಕ್ಕೆ ಅವರ ಕೋಳಿಕಾಲು ಅಕ್ಷರ ಯಾಕೆ? ನಿನ್ನದೇ ಫೋಟೋ ಹಾಕಿಕೋ, ಟೈ ಕಟ್ಟಿದ್ದು.

ಆರೋಗ್ಯ ಚೆನ್ನಾಗಿದೆ. ನಾಲಿಗೆ ಇನ್ನೂ ಚೆನ್ನಾಗಿದೆ.

ಅತ್ತಿಗೆ

—

ಫೆಬ್ರವರಿ 27

ಪೂಜ್ಯ ಅತ್ತಿಗೆಯವರಿಗೆ,

ನಿಮ್ಮ ಪತ್ರ ತಲುಪಿತು. ಅದರ ಧಾಟಿಯ ಬಗ್ಗೆ ಏನನ್ನೂ ಹೇಳಲು ಬಯಸುವುದಿಲ್ಲ. ಸಾಬೂನಿನ ವಿಷಯ ಸಮಿತಿಯ ಗಮನಕ್ಕೆ ತರಲಾಗುವುದು.

ಅಣ್ಣನ ಬಗ್ಗೆ ನೀವು ಹಾಗೆಲ್ಲ ಬರೆಯಬಾರದಿತ್ತು. ನೀವು ಅವನ ಮೇಲೆ ಹೊರಿಸುವ ಆ ಒಂದು ಕಳಂಕವನ್ನು ತೊಡೆದುಹಾಕಬೇಕೆಂದೇ ನಾನು ಈ ಹೊಣೆ ಹೊತ್ತದ್ದು. ವಿಚಾರಣೆಯ ವರದಿ ಹಾಗೇ ಇರುವವರೆಗೆ ಭಾವಚಿತ್ರಕ್ಕೆ ಸಮಿತಿ ಒಪ್ಪುವುದಿಲ್ಲ. ಆದ್ದರಿಂದ ಅಧ್ಯಾಯದ ಕೊನೆಯನ್ನು ಎಚ್ಚರಿಕೆಯಿಂದ ರೂಪಿಸಲಾಗಿದೆ. ನಿಮ್ಮ ಅವಗಾಹನೆಗಾಗಿ ಆ ಭಾಗವನ್ನು ಇಲ್ಲಿ ಬರೆಯುತ್ತಿದ್ದೇನೆ:

‘ಕಿಟ್ಟದಿಂದ ಬೆಳ್ಳಿ ತೆಗೆಯುವ ಈ ಪ್ರಯೋಗವು ತನ್ನ ಕಾಲಕ್ಕಿಂತ ಮುಂದಿತ್ತು. ತೂಕದ ಕೋಣೆಯಲ್ಲಿ ಖಾಲಿ ಮೂಸೆಯ ಪದ್ಧತಿಯ ಪಾಲನೆಯಾಗದ ಕಾರಣ ಅಂಕಿಗಳಲ್ಲಿ ವ್ಯತ್ಯಾಸ ಉಂಟಾಯಿತು. ಇದರಿಂದ ಮುಖ್ಯ ಸಂಶೋಧಕರ ಘನತೆಗೆ ಯಾವ ಕುಂದೂ ಬರುವುದಿಲ್ಲ.’

ಇದರಲ್ಲಿ ಯಾವ ವ್ಯಕ್ತಿಯನ್ನೂ ಗುರುತಿಸಿಲ್ಲ ಎಂಬುದನ್ನು ನೀವು ಗಮನಿಸಬೇಕು. ನಲವತ್ತೊಂದು ವರ್ಷದ ಹಿಂದಿನ ತೂಕದ ಕೋಣೆಯಲ್ಲಿ ಯಾರಿದ್ದರು ಎಂದು ಇಂದು ಯಾರೂ ಕೇಳುವುದಿಲ್ಲ. ನಷ್ಟ ಯಾರಿಗೂ ಇಲ್ಲ, ಅಣ್ಣನಿಗೆ ನ್ಯಾಯ ಸಿಗುತ್ತದೆ.

ಟಿಪ್ಪಣಿ ಪುಸ್ತಕದ ಬಗ್ಗೆ ಮತ್ತೆ ಕೇಳಿಕೊಳ್ಳುತ್ತೇನೆ. ನೀವು ಅದನ್ನು ತೆರೆದಿಲ್ಲ ಎಂದು ಬರೆದದ್ದು ಓದಿ ಸಮಾಧಾನವಾಯಿತು, ಅಂದರೆ ಹಾಳೆಗಳು ಸುರಕ್ಷಿತವಾಗಿವೆ ಎಂಬ ಅರ್ಥದಲ್ಲಿ.

ನಿಮ್ಮ ಮೈದುನ

—

ಮಾರ್ಚ್ 5

ದೊರೆಗೆ,

‘ಪಾಲನೆಯಾಗದ ಕಾರಣ’! ಭಲೇ! ಹೆಸರಿಲ್ಲ, ಮುಖವಿಲ್ಲ, ಒಂದು ಕೋಣೆ ತಾನೇ ತಾನಾಗಿ ತಪ್ಪು ಮಾಡಿತು. ಆ ಕೋಣೆ ಎಷ್ಟು ದೊಡ್ಡದಿತ್ತು ಎಂದು ಗೊತ್ತಾ? ಒಂದು ಮೇಜು, ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ, ಒಂದು ಸ್ಟೂಲು. ಸ್ಟೂಲಿನ ಮೇಲೆ ನಾನು. ಎರಡನೆಯವರು ಒಳಗೆ ಬಂದರೆ ಉಸಿರಿಗೆ ತಕ್ಕಡಿ ಅಲ್ಲಾಡುತ್ತದೆ ಎಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ. ‘ತೂಕದ ಕೋಣೆ’ ಎಂದರೆ ನಾನೇ, ಕಣ್ಣಿದ್ದವನಿಗೆಲ್ಲ ಗೊತ್ತು. ನನ್ನ ತಲೆಯ ಮೇಲೆ ಗೂಬೆ ಕೂರಿಸಿ, ಗೂಬೆಗೆ ಹೆಸರಿಟ್ಟಿಲ್ಲ ಎಂದು ನನಗೇ ಕಾಗದ ಬರೆಯುತ್ತೀಯಲ್ಲ, ನಾಚಿಕೆ ಆಗುವುದಿಲ್ಲವೇ?

ನಾನು ಇಟ್ಟೆ. ಪ್ರತಿ ಸಲ ಇಟ್ಟೆ. ಹನ್ನೆರಡು ಮೂಸೆ ಕೂರಿಸುವ ತಟ್ಟೆಯಲ್ಲಿ ಕುಲುಮೆಯ ಬಾಗಿಲಿನಿಂದ ಮೂರನೆಯ ಗುಳಿ, ಬಿಸಿ ಸಮನಾಗಿರುವ ಜಾಗ. ವಾರಕ್ಕೆ ಎರಡು ಸಲದ ಹಾಗೆ ಎಂಟು ತಿಂಗಳು. ಬಂದ ಗುಂಡನ್ನು ತೂಗಿದೆ, ತೂಕದ ಪುಸ್ತಕದಲ್ಲಿ ಬರೆದೆ, ಗುಂಡನ್ನು ಕಾಗದದಲ್ಲಿ ಮಡಿಸಿ ತಾರೀಖು ಹಾಕಿ ಡಬ್ಬಿಯಲ್ಲಿಟ್ಟೆ. ಆಮೇಲೆ ನೋಡಿದರೆ ಪುಸ್ತಕವೂ ಇಲ್ಲ, ಡಬ್ಬಿಯೂ ಇಲ್ಲ. ವಿಚಾರಣೆಯ ಗಡಿಬಿಡಿಯಲ್ಲಿ ಕಳೆದುಹೋಯಿತಂತೆ. ನನ್ನನ್ನು ಒಳಗೂ ಕರೆಯಲಿಲ್ಲ. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಒಳಗೆ ನೀನು, ‘ತೂಕದ ಪುಸ್ತಕದಲ್ಲಿ ಖಾಲಿ ಮೂಸೆಯ ದಾಖಲೆ ಕಂಡ ನೆನಪಿಲ್ಲ’ ಎಂದೆಯಂತೆ. ಸಾಕ್ಷಿ ಹೇಳಲು ಒಳಗೆ ಹೋಗಿದ್ದ ಕುಲುಮೆಯ ಅಜ್ಜ ಹೊರಗೆ ಬಂದು ಹೇಳಿದ. ಹೋಗಲಿ, ಹೊಸ ಹುಡುಗ, ಕಣ್ಣಿಗೆ ಪೊರೆ ಎಂದುಕೊಂಡು ಬಿಟ್ಟೆ.

ನೀನು ಕೇಳಬಹುದು, ಗಂಡನಿಗೆ ಮನೆಯಲ್ಲಿ ಹೇಳಬಾರದಿತ್ತೇ ಎಂದು. ಹೇಳುವ ಹಾಗಿರಲಿಲ್ಲ. ಮಾದರಿ ತಂದವರ ಕಿವಿಗೆ ತೂಗಿದವರು ಏನನ್ನೂ ಹಾಕಬಾರದು, ವರದಿಗೆ ಸಹಿ ಬೀಳುವ ತನಕ. ನಾವು ಗಂಡಹೆಂಡಿರಾದ್ದರಿಂದ ದೊಡ್ಡ ಸಾಹೇಬರು ಇಬ್ಬರಿಂದಲೂ ಬೇರೆ ಮುಚ್ಚಳಿಕೆ ಬರೆಸಿಕೊಂಡಿದ್ದರು. ಅವರು ವಾರವೆಲ್ಲ ಗುಡ್ಡದ ಮೇಲೆ ಕಿಟ್ಟ ಅಗೆಸುತ್ತಿದ್ದರು. ಭಾನುವಾರ ಮನೆಗೆ ಬಂದರೆ ನಾನು ತುಟಿ ಪಿಟಿಕ್ ಎನ್ನುತ್ತಿರಲಿಲ್ಲ. ಮಾತು ಕೊಟ್ಟ ಮೇಲೆ ಮುಗಿಯಿತು. ನನ್ನ ಪುಸ್ತಕದಿಂದ ನೀನು ಶುದ್ಧಪ್ರತಿ ಮಾಡುತ್ತಿದ್ದೆ, ಅವರು ಖಾಲಿಯನ್ನು ಕಳೆದು ಸಹಿ ಹಾಕಬೇಕಿತ್ತು. ಅವರು ಕಳೆಯಲಿಲ್ಲ. ಅದು ಅವರ ತಪ್ಪು. ಅವರೇ ಒಪ್ಪಿಕೊಂಡಿದ್ದನ್ನು ನೀನು ನನ್ನ ಹೆಗಲಿಗೆ ದಾಟಿಸುತ್ತೀಯಾ?

ಭಾವಚಿತ್ರ ತೂಗುಹಾಕಲು ಮೊಳೆ ಬೇಕು, ಒಪ್ಪಿದೆ. ನನ್ನ ಹಣೆಗೇ ಹೊಡೆಯಬೇಕೇ? ಆ ಸಾಲು ತೆಗೆ. ತೆಗೆಯದಿದ್ದರೆ ನಿನ್ನ ಸಮಾರಂಭದ ದಿನ ಬಂದು ಮೊದಲ ಸಾಲಿನಲ್ಲಿ ಕೂರುತ್ತೇನೆ, ಪ್ರಶ್ನೆ ಕೇಳುತ್ತೇನೆ. ನನ್ನ ದನಿ ಮೈಕಿಲ್ಲದೆ ಹಿಂದಿನ ಸಾಲಿಗೆ ಮುಟ್ಟುತ್ತದೆ ಎಂಬುದು ನಿನಗೆ ಗೊತ್ತು.

ಅತ್ತಿಗೆ

—

ಏಪ್ರಿಲ್ 16

ಪೂಜ್ಯ ಅತ್ತಿಗೆಯವರಿಗೆ,

ಉತ್ತರ ತಡವಾಯಿತು. ಐದನೆಯ ಅಧ್ಯಾಯವನ್ನು ಮೂರು ಬಾರಿ ತಿದ್ದಿದೆ. ಎರಡು ಪತ್ರ ಬರೆದು ಹರಿದೆ. ಈ ನಡುವೆ ಹಸ್ತಪ್ರತಿ ಮುದ್ರಣಾಲಯಕ್ಕೆ ಹೋಯಿತು. ಈಗ ವಾಕ್ಯ ತೆಗೆದರೆ ಪುಟಗಳ ಲೆಕ್ಕ ತಪ್ಪುತ್ತದೆ ಎನ್ನುತ್ತಾರೆ.

ನೀವು ನಿಮ್ಮ ಭಾಗವನ್ನು ಮಾತ್ರ ನೋಡುತ್ತೀರಿ. ಎಲ್ಲರೂ ನಿಮ್ಮ ಹಾಗೆ ಕುಲುಮೆಯ ಪಕ್ಕದಲ್ಲಿ ಬೆಳೆದವರಲ್ಲ. ಒಂದು ಪುಸ್ತಕದಲ್ಲಿ ಸಾಲಿನ ತುದಿಗೆ ಕೆಂಪು ಶಾಯಿಯಲ್ಲಿ ಬರೀ ‘ಖಾಲಿ’ ಎಂದಷ್ಟೇ ಬರೆದರೆ, ಮೂಸೆ ಎಂಬ ಪದವನ್ನೂ ಸೇರಿಸದಿದ್ದರೆ, ಓದುವವನು ಏನೆಂದು ತಿಳಿಯಬೇಕು? ಆ ಜಾಗ ಖಾಲಿ ಇತ್ತು ಎಂದೇ ಯಾರಾದರೂ ತಿಳಿಯುತ್ತಾರೆ. ಬರೆಯುವವರಿಗೂ ಹೊಣೆ ಇರುತ್ತದೆ. ಇದನ್ನು ಸಾಮಾನ್ಯವಾಗಿ ಹೇಳುತ್ತಿದ್ದೇನೆ, ಯಾರನ್ನೂ ಉದ್ದೇಶಿಸಿ ಅಲ್ಲ.

ಸಮಾರಂಭಕ್ಕೆ ನಿಮ್ಮನ್ನು ಗೌರವಪೂರ್ವಕವಾಗಿ ಆಹ್ವಾನಿಸಲಾಗುವುದು. ದಯವಿಟ್ಟು ದೊಡ್ಡದು ಮಾಡಬೇಡಿ.

ನಿಮ್ಮ ಮೈದುನ

—

ಏಪ್ರಿಲ್ 20

ಕೆಂಪು ಶಾಯಿ ಎಂದು ನಾನು ಯಾವ ಕಾಗದದಲ್ಲೂ ಬರೆದಿಲ್ಲ. ಬರೀ ‘ಖಾಲಿ’ ಎಂದು ಬರೆಯುತ್ತಿದ್ದೆ ಎಂದೂ ಬರೆದಿಲ್ಲ. ನಿನ್ನ ಮೂರು ಕಾಗದ, ನನ್ನ ಎರಡು ಕಾಗದದ ನಕಲು, ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಮತ್ತೆ ಓದಿದೆ. ನೀನು ವಿಚಾರಣೆಯಲ್ಲಿ, ಅಂಥ ದಾಖಲೆ ಕಂಡ ನೆನಪಿಲ್ಲ ಎಂದವನು. ಈಗ ಶಾಯಿಯ ಬಣ್ಣ ನೆನಪಿದೆ, ಯಾವ ತುದಿಯಲ್ಲಿತ್ತು ಎಂಬುದೂ ನೆನಪಿದೆ.

ನನ್ನ ಪುಸ್ತಕದಲ್ಲಿ ಒಂದು ತಟ್ಟೆಗೆ ಹನ್ನೆರಡು ಸಾಲು. ನಿನ್ನ ಶುದ್ಧಪ್ರತಿಯಲ್ಲಿ ಎಷ್ಟು ಸಾಲಿತ್ತು?

ಒಂದು ಅಂಕಿ ಬರೆದು ಕಳಿಸು. ಬೇರೆ ಪುರಾಣ ಬೇಡ.

—

ಮೇ 19

ಅತ್ತಿಗೆ,

ಹನ್ನೊಂದು.

ಇಷ್ಟು ಬರೆಯಲು ಒಂದು ತಿಂಗಳು ಬೇಕಾಯಿತು. ಪುರಾಣ ಬೇಡ ಎಂದಿದ್ದೀರಿ, ಆದರೂ ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತನಾಲ್ಕು. ಇಡೀ ವಿಶ್ವವಿದ್ಯಾಲಯಕ್ಕೆ ಎರಡನೆಯವನಾಗಿ ಬಂದವನನ್ನು ಶುದ್ಧಪ್ರತಿ ಮಾಡಲು ಕೂರಿಸಿದ್ದಾರೆ ಎಂದು ಒಳಗೇ ಕುದಿಯುತ್ತಿದ್ದೆ. ಕುಲುಮೆಯ ಕೋಣೆಗೆ ನಾನು ಕಾಲಿಟ್ಟಿರಲಿಲ್ಲ. ಖಾಲಿ ಮೂಸೆ ಎಂಬುದು ಪಠ್ಯಪುಸ್ತಕದಲ್ಲಿ ಬೇರೆ ಹೆಸರಿನಲ್ಲಿತ್ತು, ಅದನ್ನು ಬಾಯಿಪಾಠ ಮಾಡಿ ಪಾಸಾಗಿದ್ದೆ. ನೀವು ಕುಲುಮೆಯವರ ಮಾತಿನಲ್ಲಿ ‘ಖಾಲಿ’ ಎಂದು ಬರೆದಿದ್ದಿರಿ. ತಟ್ಟೆಯಲ್ಲಿ ಮೂರನೆಯ ಗುಳಿ ಖಾಲಿ ಬಿಟ್ಟಿದ್ದಾರೆ ಎಂದುಕೊಂಡೆ. ಇಲ್ಲದ ಮೂಸೆಗೆ ಸಾಲು ಯಾಕೆ ಎಂದು ಬಿಟ್ಟೆ. ಮುಂದೆ ಅಂಕಿ ಇತ್ತು. ಖಾಲಿ ಗುಳಿಗೆ ತೂಕ ಎಲ್ಲಿಂದ ಬರುತ್ತದೆ ಎಂದು ಮೊದಲ ದಿನವೇ ಮನಸ್ಸಿಗೆ ಬಂತು ಅತ್ತಿಗೆ, ಸುಳ್ಳು ಹೇಳುವುದಿಲ್ಲ. ಕೇಳಬೇಕಾದರೆ ನಿಮ್ಮ ಬಾಗಿಲಿಗೆ ಬರಬೇಕಿತ್ತು. ಹಿಂದಿನ ವಾರವಷ್ಟೇ ಬಿಳಿಗಾರ ಕೇಳಿ ದೊರೆ ಎನ್ನಿಸಿಕೊಂಡಿದ್ದೆ. ಮತ್ತೊಮ್ಮೆ ಎಲ್ಲರ ಎದುರು ನಗೆಪಾಟಲಾಗಲು ನನಗೆ ಧೈರ್ಯವಾಗಲಿಲ್ಲ. ಅರವತ್ತನಾಲ್ಕು ಸಾಲು ಬಿಟ್ಟೆ.

ಅಣ್ಣ ನನ್ನ ಮೇಲಿನ ನಂಬಿಕೆಯಿಂದ ಎಣಿಸದೆ ಸಹಿ ಹಾಕಿದ. ತಮ್ಮ ಕಳೆದೇ ಬರೆದಿದ್ದಾನೆ ಎಂದುಕೊಂಡನಂತೆ.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ತೂಕದ ಪುಸ್ತಕ ಹಿಡಿದು ನನ್ನ ಕೋಣೆಗೆ ಬಂದ. ‘ಏನೋ, ಖಾಲಿ ಅಂದ್ರೆ ಏನಂತ ತಿಳ್ಕೊಂಡಿದ್ದೆ ನೀನು?’ ಎಂದ. ಹೇಳಿದೆ. ಮೊದಲು ನಕ್ಕುಬಿಟ್ಟ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಕುರ್ಚಿಯಲ್ಲಿ ಕೂತ. ‘ನೋಡದೆ ಸಹಿ ಹಾಕಿದೋನು ನಾನು. ಸಹಿ ಯಾರದೋ ತಪ್ಪು ಅವರದು. ನೀನು ಬಾಯ್ಮುಚ್ಕೊಂಡಿರು’ ಎಂದ. ಅತ್ತಿಗೆಗೆ ಏನು ಹೇಳುತ್ತೀಯ ಎಂದು ಕೇಳಿದೆ. ‘ಅವಳಿಗೆ ಹೇಳ್ಬೇಡ. ನಿನ್ನ ಈ ಜನ್ಮದಲ್ಲಿ ಬಿಡೋಳಲ್ಲ ಅವಳು. ನನ್ನನ್ನಾದ್ರೆ ಬೈದು ಊಟ ಹಾಕ್ತಾಳೆ’ ಎಂದ.

ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದ. ಸುಡು ಅನ್ನಲಿಲ್ಲ, ಇಟ್ಟುಕೋ ಅನ್ನಲಿಲ್ಲ. ಎರಡೂ ಮಾಡಲಾಗದೆ ಟ್ರಂಕಿನ ತಳದಲ್ಲಿ ಹಾಕಿದೆ. ಮನೆ ಬದಲಿಸಿದಾಗಲೆಲ್ಲ ಆ ಟ್ರಂಕನ್ನು ನಾನೇ ಎತ್ತುತ್ತಿದ್ದೆ, ಆಳುಗಳಿಗೆ ಬಿಡುತ್ತಿರಲಿಲ್ಲ. ಈ ಪತ್ರದ ಜೊತೆಗೆ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಅಕ್ಷರ ಇನ್ನೂ ಹಾಗೇ ಇದೆ.

ಹದಿನಾಲ್ಕನೆಯ ಟಿಪ್ಪಣಿ ಪುಸ್ತಕ ಕೇಳಿದ್ದು ಚಿತ್ರಕ್ಕಲ್ಲ. ಅದು ಆ ವರ್ಷದ ಪುಸ್ತಕ. ಅಣ್ಣ ಅದರಲ್ಲಿ ಏನಾದರೂ ಬರೆದಿಟ್ಟಿರಬಹುದು ಎಂಬ ಭಯ. ಅವನಿಗೆ ಒಳ್ಳೆಯ ಹೆಸರು ಕೊಡಿಸಿ ನನ್ನ ಪಾಲಿನದನ್ನು ತೀರಿಸಬೇಕು ಎಂದುಕೊಂಡೆ. ಅದಕ್ಕೆ ಯಾರ ಮೇಲಾದರೂ ಹೊರಿಸಬೇಕಿತ್ತು. ನಿಮ್ಮ ಮೇಲೆ ಹೊರಿಸಿದೆ.

ಮುಂದೆ ಏನು ಮಾಡಲಿ ಹೇಳಿ.

ಮೈದುನ

—

ಮೇ 26

ಪಾರ್ಸೆಲ್ ಬಂತು.

ಹೇಡಿ ನೀನು. ಇಪ್ಪತ್ತನಾಲ್ಕಕ್ಕೆ ಹೇಡಿಯಾಗಿದ್ದೆ ಎಂದರೆ ಒಪ್ಪಬಹುದು. ಅರವತ್ತೈದಕ್ಕೂ, ಒಂಬತ್ತು ವರ್ಷ ಉಪನಿರ್ದೇಶಕನ ಕುರ್ಚಿ ಬೆಚ್ಚಗೆ ಮಾಡಿದ ಮೇಲೂ, ಸತ್ತವರಿಗೆ ಹಾರ ಹಾಕಲು ಬದುಕಿದವಳ ಕುತ್ತಿಗೆ ಕೊಯ್ಯಲು ಬಂದೆಯಲ್ಲ, ಅದಕ್ಕೆ ಹೆಸರಿಲ್ಲ. ‘ಖಾಲಿ’ ಎಂದು ನೋಡಿ ಖಾಲಿ ಎಂದುಕೊಂಡನಂತೆ! ಕೆಂಪು ಶಾಯಿ ತುಂಬಿ ಬರೆದದ್ದು ಕಾಣಿಸಲಿಲ್ಲ, ಎದುರಿನ ಅಂಕಿ ಕಾಣಿಸಲಿಲ್ಲ. ಖಾಲಿ ಇದ್ದದ್ದು ಗುಳಿಯಲ್ಲ.

ಏನು ಮಾಡಲಿ ಎಂದು ಕೇಳಿದ್ದೀಯ. ಮೂರು ವಾಕ್ಯ ಬರೆ. ‘ಲಾಗಿದೆ’, ‘ಲ್ಪಟ್ಟಿತು’ ಒಂದೂ ಇರಕೂಡದು. ಯಾರು ಏನು ಮಾಡಿದರು ಎಂದು ಇರಬೇಕು. ಹೇಗೆ ಹಾಕುತ್ತೀಯೋ ಅದು ನಿನ್ನ ಪಾಡು.

—

ಜುಲೈ 14

ಅತ್ತಿಗೆ,

ಸಮಿತಿ ಒಪ್ಪಲಿಲ್ಲ. ‘ಹಳೇ ರಾದ್ಧಾಂತ ಈಗ್ಯಾಕೆ ಸಾರ್, ಸಂಭ್ರಮದ ಹೊತ್ತಲ್ಲಿ’ ಎಂದರು ಕಾರ್ಯದರ್ಶಿ. ಭಾವಚಿತ್ರದ ವಿಷಯವನ್ನೂ ಕೈಬಿಟ್ಟರು. ಪುಸ್ತಕ ಆಗಲೇ ಅಚ್ಚಾಗಿತ್ತು. ಐನೂರು ಪ್ರತಿ ಉಗ್ರಾಣದಲ್ಲಿದ್ದವು.

ನಾನು ಚೀಟಿ ಅಚ್ಚು ಹಾಕಿಸಿದೆ. ಉಗ್ರಾಣದ ಬೀಗದ ಕೈ ಇನ್ನೂ ನನ್ನ ಹತ್ತಿರವೇ ಇತ್ತು. ನಾಲ್ಕು ದಿನ ನೆಲದ ಮೇಲೆ ಕೂತು, ಐನೂರು ಪ್ರತಿಯ ನೂರಾ ಹನ್ನೆರಡನೆಯ ಪುಟಕ್ಕೂ ಗೋಂದು ಹಚ್ಚಿ ಅಂಟಿಸಿದೆ. ಕೈಯೆಲ್ಲ ಅಂಟಂಟಾಗಿ, ಬೆರಳ ಸಂದಿನಲ್ಲಿ ಚರ್ಮ ಎದ್ದಿದೆ. ಉಗ್ರಾಣದವನು ಬಂದು ನೋಡಿ, ‘ನೀವ್ಯಾಕೆ ಸಾರ್, ನಾನು ಹಚ್ತೀನಿ ಬಿಡಿ’ ಎಂದ. ಬೇಡ ಎಂದೆ.

ಸಮಾರಂಭದ ದಿನ ಪುಸ್ತಕ ಹಂಚಿದ ಮೇಲೆ ಸಮಿತಿಯವರಿಗೆ ಗೊತ್ತಾಯಿತು. ನನ್ನನ್ನು ವೇದಿಕೆಯಿಂದ ಇಳಿದು ಕೆಳಗೆ ಕೂರಲು ಹೇಳಿದರು. ಮೊದಲ ಸಾಲಿನಲ್ಲಿ ನೀವಿರಲಿಲ್ಲ. ಬರುತ್ತೀರಿ ಎಂದು ಬಾಗಿಲು ನೋಡುತ್ತಲೇ ಇದ್ದೆ.

ಚೀಟಿಯ ಒಂದು ಪ್ರತಿ ಇದರೊಂದಿಗೆ ಇದೆ:

‘ಈ ಪುಟದಲ್ಲಿ ತೂಕದ ಕೋಣೆಯ ಬಗ್ಗೆ ನಾನು ಬರೆದ ಮಾತು ಸುಳ್ಳು. ತೂಕದ ಕೋಣೆಯಲ್ಲಿದ್ದ ನನ್ನ ಅತ್ತಿಗೆ ಖಾಲಿ ಮೂಸೆಯನ್ನು ಅರವತ್ತನಾಲ್ಕು ಸಲವೂ ಇಟ್ಟರು, ತೂಗಿದರು, ಬರೆದರು. ಆ ಸಾಲುಗಳನ್ನು ನಕಲಿನಲ್ಲಿ ಬಿಟ್ಟವನು ನಾನು, ಗೊತ್ತಿದ್ದೂ ನಲವತ್ತೊಂದು ವರ್ಷ ಮುಚ್ಚಿಟ್ಟವನು ನಾನು. — ಸಂಪಾದಕ’

ಮೈದುನ

—

ಜುಲೈ 22

ಮೈದುನನಿಗೆ,

ಚೀಟಿ ಓದಿದೆ. ವಾಕ್ಯ ಸರಿಯಾಗಿದೆ. ನೀನು ಬರೆದದ್ದರಲ್ಲಿ ಮೊದಲ ಸಲ ಕರ್ತೃ ಕಾಣಿಸಿದ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಹಿಗ್ಗಬೇಡ, ಆ ಮಾತು ನಾನು ಎಲ್ಲೂ ಬರೆದಿಲ್ಲ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚು.

ಸಮಾರಂಭಕ್ಕೆ ಬರುವುದಕ್ಕೆ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದೆ. ಹಿಂದಿನ ದಿನ, ನಿನ್ನ ಎದುರಿಗೆ ಹಿಡಿಯಲು ಸಾಕ್ಷಿ ಇರಲಿ ಎಂದು ಕಬ್ಬಿಣದ ಬೀರು ತೆಗೆದೆ. ಹದಿನಾಲ್ಕನೆಯ ಪುಸ್ತಕ, ಹಸಿರು ರಟ್ಟು. ನೀನು ಹೆದರಿದ ಹಾಗೆ ನಿನ್ನ ವಿಷಯ ಅದರಲ್ಲಿ ಒಂದಕ್ಷರ ಇಲ್ಲ. ಹಿಂದಿನ ರಟ್ಟಿಗೆ ಒಂದು ಲಕೋಟೆ ಅಂಟಿಸಿದ್ದಾರೆ. ಅದರೊಳಗೆ ನನ್ನ ಡಬ್ಬಿಯಲ್ಲಿದ್ದ ಪೊಟ್ಟಣಗಳು, ನನ್ನದೇ ಅಕ್ಷರದ ತಾರೀಖು. ಬಿಡಿಸಿದರೆ ಒಳಗೆ ಬೆಳ್ಳಿಯ ಗುಂಡು. ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಎಣಿಸಿದೆ, ಅರವತ್ತನಾಲ್ಕು. ಲಕೋಟೆಯ ಮೇಲೆ ವಿಚಾರಣೆಯ ಹಿಂದಿನ ದಿನದ ತಾರೀಖು ಹಾಕಿ, ಆ ಕೋಳಿಕಾಲು ಅಕ್ಷರದಲ್ಲಿ ಒಂದು ಸಾಲು ಬರೆದಿದ್ದಾರೆ.

‘ಅರವತ್ತನಾಲ್ಕೂ ಇಟ್ಟಿದ್ದಾಳೆ.’

ಗುಂಡುಗಳು ದಪ್ಪಗಿವೆ. ಆಗಲೇ ನೋಡಿದ್ದೆ. ಖಾಲಿಯ ಗುಂಡು ಅಷ್ಟು ದಪ್ಪ ಬರಬಾರದು, ಆ ವರ್ಷದ ಸೀಸದ ಪುಡಿಯಲ್ಲೇ ಬೆಳ್ಳಿ ಜಾಸ್ತಿಯಿದೆ ಎಂದು ನನಗೆ ಎರಡನೆಯ ವಾರಕ್ಕೇ ಗೊತ್ತಾಗಿತ್ತು. ಕೆಂಪು ಶಾಯಿಯಲ್ಲಿ ಬರೆದೆ, ಯಾರಾದರೂ ಕೇಳಲಿ ಎಂದು ಕಾದೆ. ಓದಿದವರಿಗೆ ಕಾಣಿಸದ್ದನ್ನು ತೂಗುವವಳು ಯಾಕೆ ಬಾಯಿಬಿಟ್ಟು ಹೇಳಬೇಕು ಎಂಬ ಜಂಬ ನನಗೆ. ನೀನು ಕೇಳಲು ಹೆದರಿದೆ. ಹೆದರುವ ಹಾಗೆ ಮಾಡಿದವಳು ನಾನು. ಎಂಬತ್ತು ಮಂದಿ ಗಂಟುಮೂಟೆ ಕಟ್ಟಿದ್ದರಲ್ಲಿ ನನ್ನ ಬಾಯಿಯ ಪಾಲೂ ಇದೆ. ಇದಕ್ಕೂ ಒಂದು ಚೀಟಿ ಅಚ್ಚು ಹಾಕಿಸು, ಕರ್ತೃ ನಾನೇ.

ಸೀರೆ ಉಟ್ಟೆ. ಬಾಗಿಲವರೆಗೂ ಬಂದೆ. ಆಮೇಲೆ ಅಡುಗೆಮನೆಯಲ್ಲಿ ಕೂತುಬಿಟ್ಟೆ.

ಅವರು ಅನ್ನುತ್ತಿದ್ದ ಆ ಮಾತು ಮೊದಲ ಕಾಗದದಲ್ಲಿ ಬರೆದಿದ್ದೆನಲ್ಲ. ನನಗೆ ಹೆದರಿ ಹೂಂಗುಡುತ್ತಿದ್ದಾರೆ ಎಂದುಕೊಂಡು ಇನ್ನೂ ಒಂದು ಮಾತು ಜಾಸ್ತಿ ಆಡುತ್ತಿದ್ದೆ. ಮೂವತ್ತೊಂಬತ್ತು ವರ್ಷ, ದಿನಕ್ಕೆ ಎರಡು ಹೊತ್ತು. ನಾನು ತಟ್ಟೆ ಇಟ್ಟು, ‘ಉಪ್ಪು ಹಾಕಿದೀನ್ರೀ, ನಾನು ನಿಮ್ಮ ಹಾಗೆ ಮರೆಯೋಳಲ್ಲ’ ಅನ್ನುವುದು. ಅವರು ತಲೆ ಬಗ್ಗಿಸಿ, ‘ಹೌದು ಕಣೆ, ನೀನು ಮರೆಯೋಳಲ್ಲ, ನಂಗೊತ್ತು’ ಅನ್ನುವುದು.

ಗೊತ್ತಿತ್ತು ಅವರಿಗೆ.

ಅತ್ತಿಗೆ